ಒಂದೊಂದೇ ಸಾಲಾಗಿ ಕಳಿಸಿದ ಪಟ್ಟಿ

ಅವತ್ತಿನ ಸಿಟ್ಟು ನನಗೆ ಇನ್ನೂ ಇಳಿದಿಲ್ಲ. ದೇವನಹಳ್ಳಿಗೆ ಏರ್‌ಪೋರ್ಟ್ ಬಂದ ಮೇಲೆ ದೊಡ್ಡಬೆಳವಂಗಲದ ಸುತ್ತ ಹೂ ಬೆಳೆಯುವ ಪ್ಲಾಸ್ಟಿಕ್ ಹೊದಿಕೆಯ ಪಾಲಿಹೌಸ್‌ಗಳು ಎದ್ದವು. ನಮ್ಮ ಅತ್ತಿಗೆಯೂ ಒಂದು ಹಾಕಿಸಿದರು. ಅವರ ಗುಲಾಬಿ ಅವರದೇ ಹೆಸರಿನಲ್ಲಿ ಮೊದಲ ಸಲ ವಿಮಾನ ಹತ್ತಬೇಕಿದ್ದ ದಿನ ಅದು. ಪ್ಯಾಕಿಂಗ್ ಶೆಡ್ಡಿನಲ್ಲಿ ಕಂಪ್ಯೂಟರ್ ನೋಡಿಕೊಳ್ಳುವುದು ನನ್ನ ಕೆಲಸ. ಸಂಜೆ ಐದರೊಳಗೆ ಪೆಟ್ಟಿಗೆಗಳ ಪಟ್ಟಿ ಹೂವನ್ನು ವಿಮಾನಕ್ಕೆ ಹತ್ತಿಸುವ ಏಜೆಂಟರ ಸಿಟಿ ಆಫೀಸು ತಲುಪದಿದ್ದರೆ ಏರ್‌ಪೋರ್ಟ್ ಗೇಟಿನಲ್ಲಿ ಗಾಡಿ ಬಿಡುತ್ತಿರಲಿಲ್ಲ.

ಪಟ್ಟಿ ವಿಪಿಎನ್‌ನಲ್ಲೇ ಹೋಗಬೇಕು, ಅಂದರೆ ಬೇರೆಯವರು ಇಣುಕದಂತೆ ಬೀಗ ಹಾಕಿದ ದಾರಿಯಲ್ಲಿ. ಮೇಲ್ ಮಾಡಿದರೆ ಒಪ್ಪುತ್ತಿರಲಿಲ್ಲ. ನಮ್ಮ ನೆಟ್ ನಿಧಾನ, ಅದಕ್ಕೆ ಮಾಹಿತಿಯನ್ನು ಈ ತುದಿಯಲ್ಲಿ ಅದುಮಿ ಆ ತುದಿಯಲ್ಲಿ ಬಿಡಿಸುವ ಏರ್ಪಾಡಿತ್ತು. ಹಿಂದಿನ ದಿನ ಸಿಟಿಯವರು ಅದುಮುವ ಹೊಸ ವಿಧಾನವೊಂದನ್ನು ಹಾಕಿಕೊಂಡು ಹಳೆಯದನ್ನು ಕಿತ್ತೇಬಿಟ್ಟಿದ್ದರು. ನಮಗೊಂದು ಮಾತು ಹೇಳಿರಲಿಲ್ಲ.

ಮೂರು ಗಂಟೆಗೆ ಕಳಿಸಿದೆ, ಹೋಗಲಿಲ್ಲ. ಸ್ಕ್ರೀನಿನಲ್ಲಿ ಮಾತ್ರ ದಾರಿ ಸರಿಯಿದೆ ಅನ್ನುವ ಹಸಿರು ಗುರುತು. ಫೋನ್ ಮಾಡಿದರೆ ಅಲ್ಲಿನ ಎಂಜಿನಿಯರ್, “ಪಿಂಗ್ ಬರ್ತಿದೆ ಮೇಡಂ, ನಮ್ಮ ಕಡೆ ಎಲ್ಲಾ ಸರಿಯಿದೆ. ಕಂಪ್ಯೂಟರ್ ಆಫ್ ಮಾಡಿ ಆನ್ ಮಾಡಿ” ಅಂದ. ಮೂರು ಸಲ ಮಾಡಿದೆ. ಶೆಡ್ಡಿನ ಹೆಂಗಸಿಗೆ ಇಷ್ಟು ಹೇಳಿದರೆ ಸಾಕು ಅಂದುಕೊಂಡಿದ್ದ.

ಕಂಪ್ಯೂಟರ್ ತಾನೇ ಬರೆದಿಡುವ ಲಾಗ್ ತೆಗೆದು ನೋಡಿದೆ. ಎರಡು ಕಡೆಯ ವಿಧಾನ ಹೊಂದುತ್ತಿಲ್ಲ ಅಂತ ಅದರಲ್ಲೇ ಬರೆದಿತ್ತು. ಓದಿ ಹೇಳಿದರೆ, “ಅದು ಬರೀ ವಾರ್ನಿಂಗ್ ಮೇಡಂ” ಅಂದ. ತೀರ ಚಿಕ್ಕ ಸಂದೇಶವನ್ನು ಅದುಮುವುದೇ ಇಲ್ಲ. ಅದಕ್ಕೇ ದಾರಿ ತೆರೆದಿದೆಯಾ ಅಂತ ತಟ್ಟಿ ನೋಡುವ ಅವನ ಪುಟ್ಟ ಪಿಂಗ್ ದಾಟುತ್ತಿತ್ತು, ನನ್ನ ಪಟ್ಟಿ ದಾಟುತ್ತಿರಲಿಲ್ಲ. ಸರಿ, ಚಿಕ್ಕದಾಗಿಯೇ ಕಳಿಸ್ತೀನಿ ಅಂತ ಹಠಕ್ಕೆ ಬಿದ್ದೆ. ಅತ್ತಿಗೆ ಪಕ್ಕದಲ್ಲಿ ನಿಂತು ಪೆಟ್ಟಿಗೆ ನಂಬರ್ ಓದಿದರು, ನಾನು ಪೆಟ್ಟಿಗೆಗೊಂದು ಸಾಲಿನಂತೆ ಕುಟ್ಟಿ ಕಳಿಸಿದೆ. ನಲವತ್ತು ಪೆಟ್ಟಿಗೆಯ ನಲವತ್ತು ಸಾಲೂ ಹೋದವು.

“ನೋಡಿ, ಹೋಗ್ತಿದೆಯಲ್ಲ” ಅಂದ ಅವನು. ಬಿಡಿ ಸಾಲುಗಳನ್ನು ಪಟ್ಟಿ ಅಂತ ಒಪ್ಪಲ್ಲ ಅಂದರು ಅವನ ಪಕ್ಕದ ಟೇಬಲಿನವರು. ಅಷ್ಟರಲ್ಲಿ ಐದು ದಾಟಿತ್ತು.

ಗಾಡಿ ಗೇಟಿನಿಂದ ವಾಪಸ್ ಬಂತು. ಬೆಳಿಗ್ಗೆ ಪೆಟ್ಟಿಗೆ ಬಿಚ್ಚಿದರೆ ಮೊಗ್ಗೆಲ್ಲ ಅರಳಿಕೊಂಡಿದ್ದವು. ಅರಳಿದ್ದನ್ನು ಹೊರದೇಶದವರು ಮುಟ್ಟುವುದಿಲ್ಲ. ಅಷ್ಟು ಹೊತ್ತಿಗೆ ಅವನ ಫೋನು: “ಈಗ ಹಳೇದು, ಹೊಸದು ಎರಡೂ ನಡೆಯೋ ಹಾಗೆ ಮಾಡಿದೀವಿ ಮೇಡಂ. ಒಂದು ಲೈನ್ ಸೇರಿಸ್ಬೇಕಿತ್ತು ಅಷ್ಟೆ. ಪಟ್ಟಿ ಕಳಿಸಿ.”

“ಏನಂತೆ?” ಅಂದರು ಅತ್ತಿಗೆ.

“ಸರಿ ಮಾಡಿದಾರಂತೆ.”

“ಅದನ್ನ ಈ ಹೂವಿಗೆ ಹೇಳೋಕೆ ಹೇಳು ಕಣಮ್ಮ.”

ಹಾಗೇ ಹೇಳಿದೆ. ಅವನು ನಕ್ಕುಬಿಟ್ಟ.