ತೊಂಬತ್ತೇಳು ಮಿಲಿಮೀಟರ್

ಕನ್ನಡಕದ ಅಂಗಡಿಯ ಮೇಲಿನ ಮಹಡಿಗೆ ಹೋಗುವ ಮೆಟ್ಟಿಲು ಎಷ್ಟು ಕಿರಿದೆಂದರೆ, ರೆಕಾರ್ಡ್ ನುಡಿಸುವ ಟರ್ನ್‌ಟೇಬಲ್ ತಂದವರು ಅದನ್ನು ಕೂಸಿನ ಹಾಗೆ ಎದೆಗವಚಿಕೊಂಡು ಅಡ್ಡಡ್ಡವಾಗಿ ಹತ್ತಬೇಕು. ಮೇಲೆ ಮುಟ್ಟುವಷ್ಟರಲ್ಲಿ ಏದುಸಿರು ಬಂದಿರುತ್ತದೆ, ಆಗ ಬಾಗಿಲಲ್ಲೇ ನಿಂತ ಒಬ್ಬ ಬೋಳುತಲೆಯ ಮನುಷ್ಯ 'ಅಲ್ಲಾಡಿಸ್ಬೇಡಿ, ಅಲ್ಲಾಡಿಸ್ಬೇಡಿ' ಎಂದು ಎರಡೂ ಕೈ ಚಾಚುತ್ತಾನೆ. ಅವನೇ ಕೂದಲೆಳೆ. ಯಾವ ರಿಪೇರಿ ಕೇಳಿದರೂ 'ಆಯ್ತು, ಇನ್ನು ಕೂದಲೆಳೆಯಷ್ಟು ಬಾಕಿ' ಎನ್ನುವುದು ಅವನ ಅಭ್ಯಾಸ. ಗಿರಾಕಿಗಳು ಬಿಡುತ್ತಾರೆಯೇ? 'ತಲೆ ಮೇಲೆ ಒಂದೂ ಇಲ್ಲ, ಬಾಯಲ್ಲಿ ಮಾತ್ರ ಯಾವಾಗ್ಲೂ ಕೂದಲೇ!' ಎಂದು ನಕ್ಕು ಹೆಸರಿಟ್ಟೇಬಿಟ್ಟರು.

ಅವನ ಕೆಲಸ ನೋಡುವುದೇ ಒಂದು ಮಜಾ. ರೆಕಾರ್ಡಿನ ಮೇಲೆ ಮುಳ್ಳನ್ನು ಹಿಡಿದಿರುವ ಆ ಉದ್ದನೆಯ ತೋಳು ಬಾಗಿಲಿನ ಹಾಗೆ ಒಂದು ಕಡೆ ಸಿಕ್ಕಿಕೊಂಡು ಕಮಾನಾಗಿ ತಿರುಗುತ್ತದೆ. ಆದ್ದರಿಂದ ಮುಳ್ಳು ಹೊರಸುತ್ತಿನಿಂದ ಒಳಸುತ್ತಿಗೆ ಹೋಗುವ ದಾರಿಯಲ್ಲಿ ಎರಡೇ ಎರಡು ಜಾಗದಲ್ಲಿ ಮಾತ್ರ ಹಾಡು ಕೊರೆದ ಗೀರಿಗೆ ಪೂರ್ತಿ ನೇರವಾಗಿ ನಿಲ್ಲುತ್ತದೆ, ಉಳಿದ ಕಡೆಯೆಲ್ಲ ತುಸು ಓರೆ. ಆ ಎರಡು ಜಾಗ ಸಿಕ್ಕರೆ ಓರೆ ಕಡಿಮೆ, ಹಾಡು ಹಾಲು. ತಪ್ಪಿದರೆ 'ಸ' ಅಂದಲ್ಲೆಲ್ಲ ಬಾಣಲೆಗೆ ನೀರು ಬಿದ್ದ ಸದ್ದು. ಅವನ್ನು ಹುಡುಕಲು ಅವನ ಹತ್ತಿರ ಒಂದು ಅಳತೆಹಾಳೆ ಇತ್ತು, ಗೆರೆ ಚೌಕಗಳಿರುವ, ಪ್ಲಾಸ್ಟಿಕ್ ಹೊದಿಸಿದ್ದು. ಅದನ್ನು ರೆಕಾರ್ಡಿನಂತೆ ನಡುಗೂಟಕ್ಕೆ ಸಿಕ್ಕಿಸಿ, ಮುಳ್ಳು ಕೂರುವ ಪುಟ್ಟ ಗೂಡಾದ ಕಾರ್ಟ್ರಿಜ್‌ನ ಎರಡು ಸ್ಕ್ರೂ ಸಡಿಲಿಸಿ, ಅದರ ಮೂತಿಗೆ ಪೆನ್ಸಿಲ್ ಸೀಸದ ಒಂದು ಕಡ್ಡಿ ಅಂಟಿಸಿ, ಕಣ್ಣಿಗೆ ಭೂತಗನ್ನಡಿ ಒತ್ತಿ, ಚಿಮುಟದಿಂದ ಮೆತ್ತಗೆ, ಮೆತ್ತಗೆ, ಉಸಿರು ಬಿಗಿಹಿಡಿದು ತಳ್ಳುತ್ತಿದ್ದ. ಕಡ್ಡಿ ಗೆರೆಯ ಮೇಲೆ ಕೂತಾಗ ಉಸಿರು ಬಿಡುತ್ತಿದ್ದ, ನೋಡುತ್ತಿದ್ದವರೂ ಬಿಡುತ್ತಿದ್ದರು.

ಇಷ್ಟೆಲ್ಲ ಗಿರಾಕಿಗಳಿಗೆ. ಅವನಿಗಾಗಿ ಅವನ ಹತ್ತಿರ ಇದ್ದದ್ದು ಒಂದೇ ರೆಕಾರ್ಡ್ ತಟ್ಟೆ, ಅಂಗೈಗಿಂತ ತುಸು ದೊಡ್ಡದು. ಐವತ್ತು ವರ್ಷದ ಹಿಂದೆ, ಅವನಿಗೆ ಎಂಟು, ಅಕ್ಕನಿಗೆ ಹತ್ತೊಂಬತ್ತು ಇದ್ದಾಗ, ರೈಲ್ವೆ ನಿಲ್ದಾಣದಲ್ಲಿ ಒಂದು ಪೆಟ್ಟಿಗೆಕೋಣೆ ಇತ್ತು. ಒಳಗೆ ಕೂತು ಒಂದು ನಿಮಿಷ ಮಾತಾಡಿದರೆ ನಿಮ್ಮದೇ ದನಿಯ ರೆಕಾರ್ಡ್ ಹೊರಗೆ ಬರುತ್ತಿತ್ತು. ಅಕ್ಕ ರೇಡಿಯೋದವಳ ಹಾಗೆ ಗತ್ತಿನಲ್ಲಿ ಶುರು ಮಾಡಿದಳು. ತಮ್ಮ ಪಕ್ಕದಲ್ಲಿ ಕುಣಿಯುತ್ತಿದ್ದ. 'ಸುಮ್ನೆ ಕೂತ್ಕೋ, ಸೀಟ್ ಮುರಿಯತ್ತೆ! ಒಂದ್ಸಲ ಸರಿಯಾಗಿ ಮಾತಾಡೋಕೆ ಬಿಡ್ತೀಯಾ ಇಲ್ವಾ?' ಎಂದು ಬೈದಳು, ಬೈಯುತ್ತಲೇ ನಗು ಉಕ್ಕಿತು, ನಿಮಿಷ ಮುಗಿಯಿತು.

ಆರು ವರ್ಷದ ಹಿಂದೆ ಅಕ್ಕನ ಗಂಟಲಿಗೆ ಆಪರೇಷನ್ ಆಯಿತು. ಜೀವ ಉಳಿಯಿತು, ದನಿ ಹೋಯಿತು. ಈಗ ಕೊರಳಿಗೆ ಒಂದು ತೆಳು ಬಟ್ಟೆ, ಕೈಯಲ್ಲಿ ಅಳಿಸಿ ಬರೆಯುವ ಪುಟ್ಟ ಹಲಗೆ, ಯಾರನ್ನಾದರೂ ಕರೆಯಬೇಕಾದರೆ ಚಪ್ಪಾಳೆ. ಆ ತಟ್ಟೆ ಬಿಟ್ಟರೆ ಅವಳ ದನಿ ಬೇರೆ ಎಲ್ಲೂ ಉಳಿದಿರಲಿಲ್ಲ. ದಿನಾ ಬೈಯುವವಳ ದನಿಯನ್ನು ಹಿಡಿದಿಡಬೇಕೆಂದು ಯಾರಿಗೆ ಹೊಳೆಯುತ್ತದೆ?

ಅಕ್ಕ ಆಸ್ಪತ್ರೆಯಿಂದ ಮನೆಗೆ ಬಂದ ವಾರ ಅವಳ ಮಗಳು ಮೆಟ್ಟಿಲು ಹತ್ತಿ ಬಂದಳು. 'ಮಾವ, ಆ ತಟ್ಟೆ ಹಾಕು. ಫೋನಲ್ಲಿ ಹಿಡ್ಕೊತೀನಿ.'

ಹಾಕಿದ. ಅಕ್ಕ ಮಾತಾಡಿದಳು. ಮಗಳ ಕಣ್ಣು ತುಂಬಿತು. ಆದರೆ ಕೊನೆಕೊನೆಗೆ, 'ಸುಮ್ನೆ', 'ಸೀಟ್', 'ಸರಿಯಾಗಿ' ಅಂದಲ್ಲೆಲ್ಲ ಸಣ್ಣಗೆ ಒಂದು ಸೀಳು. ಅವನು ಥಟ್ಟನೆ ಫೋನಿನ ಮೇಲೆ ಅಂಗೈ ಮುಚ್ಚಿದ.

'ಛೀ, ಈ ಕೊಳಕು ದನೀನ ಇಟ್ಕೊಳ್ಳೋದಾ? ನಾನಿರೋದು ಯಾಕೆ ಮತ್ತೆ? ಸ್ವಲ್ಪ ತಾಳು, ಶುದ್ಧ ಮಾಡಿ ಕೊಡ್ತೀನಿ.'

'ಕೊಳಕಾದ್ರೂ ಪರ್ವಾಗಿಲ್ಲ ಮಾವ.'

'ನಿಂಗೆ ಪರ್ವಾಗಿಲ್ಲ. ನಂಗಿದೆ.'

ಅಲ್ಲಿಂದ ಶುರು. ಅಳತೆಹಾಳೆ ಇಟ್ಟು ಇನ್ನೊಮ್ಮೆ ಕೂರಿಸುವುದು, ಪರೀಕ್ಷೆಗೆಂದು ತಟ್ಟೆ ಹಾಕುವುದು, ಸೀಳು ತುಸು ಹೆಚ್ಚಾದಂತೆ ಕೇಳುವುದು, ಎಲ್ಲೋ ತಪ್ಪಿದೆ ಎಂದು ಮತ್ತೆ ಬಿಚ್ಚುವುದು. ಹೊಸ ಮುಳ್ಳು ತಂದ, ಭಾರ ತೂಗುವ ಕಿರುತಕ್ಕಡಿ ತಂದ, ತೋಳಿನ ಎತ್ತರವನ್ನು ಕಾಗದದಷ್ಟು ಕಾಗದದಷ್ಟು ಬದಲಿಸಿದ. ಪ್ರತಿ ಸಲವೂ ಮುಳ್ಳಿನ ತುದಿಗೆ ಕಪ್ಪು ಪುಡಿ ಹತ್ತಿರುತ್ತಿತ್ತು. ಹಳೇ ಧೂಳು ಎಂದುಕೊಂಡು ಕುಂಚದಿಂದ ಗುಡಿಸಿಬಿಡುತ್ತಿದ್ದ. ಆರು ವರ್ಷದಲ್ಲಿ ಮೂವತ್ತೆಂಟು ಸಲ. ಅಷ್ಟರಲ್ಲಿ ಅಕ್ಕನ ಮಗಳಿಗೇ ಒಂದು ಮಗಳಾಗಿ, ಆ ಪುಟ್ಟಿಗೆ ನಾಲ್ಕು ತುಂಬಿ, ಅಜ್ಜಿಗೆ ಮಾತು ಕಲಿಸಲು ಯಾರೂ ಇರಲಿಲ್ವಾ ಎಂದು ಕೇಳತೊಡಗಿದ್ದಳು. 'ಮಾವ, ಯಾವಾಗ?' ಎಂದರೆ, 'ಇನ್ನು ಕೂದಲೆಳೆಯಷ್ಟು' ಎನ್ನುತ್ತಿದ್ದ.

ಒಂದು ಮಂಗಳವಾರ ಲೇತ್ ಮೇಷ್ಟ್ರು ಬಂದರು. ತರಬೇತಿ ಶಾಲೆಯಲ್ಲಿ ಮೂವತ್ತು ವರ್ಷ ಲೋಹ ಕೊರೆಯುವುದನ್ನು ಕಲಿಸಿ ನಿವೃತ್ತರಾದವರು. ಉಳಿದವರು ಜೇಬಿನಲ್ಲಿ ಪೆನ್ನು ಇಟ್ಟರೆ ಇವರು ವರ್ನಿಯರ್ ಇಡುತ್ತಾರೆ, ಅದನ್ನು ತೆಗೆದು ಕಂಡದ್ದನ್ನೆಲ್ಲ ಅಳೆಯುತ್ತಾರೆ. ತಮ್ಮ ಟರ್ನ್‌ಟೇಬಲ್ ಸರಿಯಾಗುವವರೆಗೆ ಟೀ ಲೋಟದ ಅಂಚು ಅಳೆದರು, ಬಿಸ್ಕೆಟ್ ಅಳೆದು 'ಕಂಪನಿಯವ್ರು ತೆಳ್ಳಗೆ ಮಾಡ್ಬಿಟ್ರು' ಎಂದರು, ಆಮೇಲೆ ಕೈಗೆ ಸಿಕ್ಕಿದ್ದು ಆ ಅಳತೆಹಾಳೆ. ಅದರ ಮೂಲೆಯಲ್ಲಿ ಒಂದು ಗೆರೆ, ಕೆಳಗೆ ಸಣ್ಣ ಅಕ್ಷರದಲ್ಲಿ: ಈ ಗೆರೆ ಸರಿಯಾಗಿ ನೂರು ಮಿಲಿಮೀಟರ್ ಇರಬೇಕು.

'ಏನ್ರೀ, ನಿಮ್ಮ ನೂರು ಯಾಕೋ ಬಡಕಲಾಗಿದೆಯಲ್ಲ?'

'ಏನು?'

'ತೊಂಬತ್ತೇಳು.'

'ನಿಮ್ಮ ವರ್ನಿಯರ್ ಹಳೇದು ಮೇಷ್ಟ್ರೆ.'

'ನಾನೂ ಹಳಬ. ಆದ್ರೆ ನಾವಿಬ್ರೂ ಸುಳ್ಳು ಹೇಳಲ್ಲ.'

ಅವನು ಉಕ್ಕಿನ ಸ್ಕೇಲ್ ತೆಗೆದು ಇಟ್ಟ. ತೊಂಬತ್ತೇಳು. ತಿರುಗಿಸಿ ಇಟ್ಟ. ತೊಂಬತ್ತೇಳು. ಒಂಬತ್ತು ವರ್ಷದ ಹಿಂದೆ ಗಿರಾಕಿಯೊಬ್ಬ ಅಸಲಿ ಗಾಜಿನ ಅಳತೆಯನ್ನು ಒಂದೇ ದಿನದ ಮಟ್ಟಿಗೆ ಕೊಟ್ಟಿದ್ದ. ಇವನು ಪ್ರತಿ ತೆಗೆಸಲು ತಿರುವಿನ ಜೆರಾಕ್ಸ್ ಅಂಗಡಿಗೆ ಓಡಿದ್ದ, ಆ ಪ್ರತಿಯೇ ಈ ಹಾಳೆ. ಅಂಚು ಕತ್ತರಿಸಿಹೋಗದಿರಲೆಂದು ಆ ಯಂತ್ರ ಎಲ್ಲವನ್ನೂ ತಾನಾಗಿಯೇ ಚೂರು ಕುಗ್ಗಿಸುತ್ತಿತ್ತು. ಜಗತ್ತಿನಲ್ಲಿ ಎಲ್ಲವನ್ನೂ ಅಳೆದವನು ಅಳತೆಯನ್ನೇ ಅಳೆದಿರಲಿಲ್ಲ.

'ಮೂರು ಮಿಲಿಮೀಟರ್ ಜೆರಾಕ್ಸ್ ನುಂಗಿದೆ ಬಿಡಿ,' ಮೇಷ್ಟ್ರು ನಕ್ಕರು, ಎದುರಿನ ಮುಖ ನೋಡಿ ನಗು ನಿಲ್ಲಿಸಿದರು. 'ಅಯ್ಯೋ, ಇದಕ್ಕೆಲ್ಲ ಹೀಗೆ ಕೂತ್ಬಿಟ್ರೆ ಹೇಗೆ? ಅಲ್ಯೂಮಿನಿಯಂ ಹಾಳೆ ಮೇಲೆ ನಾನೇ ಗೀರಿ ಕೊಡ್ತೀನಿ, ಮೂರು ದಿನ ಕೊಡಿ.'

ಕೊಟ್ಟರು. ಕನ್ನಡಿಯಂತೆ ಹೊಳೆಯುವ ತಗಡು, ಕೂದಲಿಗಿಂತ ತೆಳು ಗೆರೆಗಳು. ಅದರ ಪ್ರಕಾರ ಕಾರ್ಟ್ರಿಜ್ ಒಂದೇ ಒಂದು ಮಿಲಿಮೀಟರ್ ಮುಂದೆ ಹೋಗಿ, ಅರ್ಧ ಡಿಗ್ರಿಗಿಂತ ತುಸು ಹೆಚ್ಚು ಒಳಕ್ಕೆ ತಿರುಗಿ ಕೂತಿತು. ಇಷ್ಟೇ! ಒಂದು ಮಾಮೂಲಿ ಪಿಟೀಲಿನ ರೆಕಾರ್ಡ್ ಹಾಕಿ ನೋಡಿದ. ಕೊನೆಯ ಸುತ್ತಿನವರೆಗೂ ಒಂದು ಗೀಚಿಲ್ಲ, ಒಂದು ಸೀಳಿಲ್ಲ. ಕುರ್ಚಿಯಿಂದೆದ್ದು ಕೋಣೆಯಲ್ಲಿ ಎರಡು ಸುತ್ತು ಹಾಕಿ, ಅಕ್ಕನ ಮಗಳಿಗೆ ಫೋನ್ ಮಾಡಿ, 'ಬಾರಮ್ಮ, ಭಾನುವಾರ ಮಧ್ಯಾಹ್ನ. ನಿಮ್ಮಮ್ಮನ್ನೂ ಕರ್ಕೊಂಡು ಬಾ. ಈ ಸಲ ಸಿಕ್ತು' ಎಂದ.

ಅಕ್ಕ ಆ ಮೆಟ್ಟಿಲನ್ನು ಐದು ಕಡೆ ನಿಂತು ಹತ್ತಿದಳು. ಬಂದವಳೇ ಹಲಗೆಯಲ್ಲಿ ಬರೆದು ತೋರಿಸಿದಳು: 'ಲಿಫ್ಟ್ ಹಾಕಿಸೋಕೂ ಕೂದಲೆಳೆಯಷ್ಟು ಬಾಕಿನಾ?' ಮಗಳು ಫೋನನ್ನು ಸ್ಪೀಕರಿಗೆ ಒರಗಿಸಿಟ್ಟಳು. ಅವನು ತಟ್ಟೆಯನ್ನು ಅಂಚಿನಲ್ಲಿ ಹಿಡಿದು ಇಟ್ಟು, ತೋಳನ್ನು ಇಳಿಸಿದ.

ಸದ್ದು ಬಂತು. ಗತ್ತಿನ ಶುರುವಿನಲ್ಲೇ ಬಟ್ಟೆ ಹರಿದ ಹಾಗೆ, ಆಮೇಲೆ ಅದರೊಳಗೆಲ್ಲೋ ಒಬ್ಬಳು ಗೋಡೆಯಾಚೆ ಮಾತಾಡಿದ ಹಾಗೆ, ಕೊನೆಗೆ ನಗು ಬರಬೇಕಾದಲ್ಲಿ ತಗಡಿನ ಡಬ್ಬದಲ್ಲಿ ಮೊಳೆ ಅಲ್ಲಾಡಿಸಿದ ಹಾಗೆ. ನಿಂತಿತು.

ಅವನು ಭೂತಗನ್ನಡಿ ಹಚ್ಚಿ ಬಗ್ಗಿದ. ಗೀರುಗಳ ಒಂದು ಗೋಡೆ ಕಪ್ಪಗೆ ಹೊಳೆಯುತ್ತಿತ್ತು, ಇನ್ನೊಂದು ಬೂದಿಯ ಹಾಗೆ ತರಿದುಹೋಗಿತ್ತು. ಅಂಗಡಿಯ ರೆಕಾರ್ಡಿನಷ್ಟು ಗಟ್ಟಿಯಲ್ಲ, ಮೆದು ಅರಗಿನ ತಟ್ಟೆ. ಓರೆ ಮುಳ್ಳು ಮೂವತ್ತೆಂಟು ಸಲ ಅದನ್ನು ಹೆರೆದಿತ್ತು. ಕುಂಚದಿಂದ ಅವನು ಗುಡಿಸಿದ್ದು ಧೂಳನ್ನಲ್ಲ. ಈಗ ಮುಳ್ಳು ನೇರವಾಗಿತ್ತು, ಉಳಿದದ್ದನ್ನು ಇದ್ದಂತೆಯೇ ಓದಿತ್ತು.

'ಮಾವ?' ಎಂದಳು ಅಕ್ಕನ ಮಗಳು.

ಅವನು ಹೇಳಿದ. ನೂರು, ತೊಂಬತ್ತೇಳು, ಜೆರಾಕ್ಸ್, ಎಲ್ಲ. ತಲೆ ಎತ್ತದೆ ಹೇಳಿದ.

'ಮೊದಲ್ನೇ ದಿನ ಚೆನ್ನಾಗೇ ಕೇಳಿಸ್ತಿತ್ತು,' ಎಂದಳು ಅವಳು. ದನಿ ಎತ್ತಲಿಲ್ಲ. 'ನಾನು ಸಾಕು ಅಂದೆ. ನೀನು ಫೋನ್ ಮೇಲೆ ಕೈ ಮುಚ್ದೆ.'

'ಹೌದು.'

'ಆರು ವರ್ಷ ಮಾವ.'

ಅಕ್ಕ ಮಗಳ ಮೊಣಕೈ ಹಿಡಿದು ಜಗ್ಗಿದಳು, ಬಿಡು ಎಂಬಂತೆ. ಹಲಗೆಯಲ್ಲಿ ಬರೆದಳು: 'ಅದರಲ್ಲಿ ನಾನು ಏನಂದಿದ್ದೆ? ಮರೆತಿದೆ. ನೀನೇ ಹೇಳು, ಪುಟ್ಟಿಗೆ ಕೇಳಿಸ್ತೀವಿ.'

ಅದೊಂದಾದರೂ ಇತ್ತು! ಅಕ್ಷರ ಅಕ್ಷರ ಬಾಯಿಪಾಠ ಇತ್ತು. ಮಗಳು ಮುಖ ಒರೆಸಿಕೊಂಡು ಫೋನನ್ನು ಅವನತ್ತ ಹಿಡಿದಳು. ಅವನು ಗಂಟಲು ಸರಿಮಾಡಿಕೊಂಡು, ಅಕ್ಕ ಹೇಳಿದ ಹಾಗೇ, ಅದೇ ಏರಿಳಿತದಲ್ಲಿ, ಆ ಗತ್ತಿನಲ್ಲಿ ಹೇಳಬೇಕೆಂದು ಬಾಯಿ ತೆರೆದ.

'ಸುಮ್ನೆ...'

ಕಿವಿಯೊಳಗೆ ಹತ್ತೊಂಬತ್ತರ ಹುಡುಗಿಯನ್ನು ಹುಡುಕಿದ. ಸಿಕ್ಕಿದ್ದು ಸೀಳು. ಅಡುಗೆಮನೆಯಿಂದ ಬೈಯುತ್ತಿದ್ದ ನಲವತ್ತರವಳನ್ನು ಹುಡುಕಿದ, ಫೋನಿನಲ್ಲಿ ಊಟ ಆಯ್ತಾ ಎನ್ನುತ್ತಿದ್ದ ಅರವತ್ತರವಳನ್ನು ಹುಡುಕಿದ. ಅಲ್ಲೂ ಅದೇ, ಹರಿದ ಬಟ್ಟೆಯ ಸದ್ದು. ಆರು ವರ್ಷ ಕಿವಿಗೊಟ್ಟು ಕೇಳಿ ಕೇಳಿ, ಸವೆದ ದನಿಯೊಂದೇ ಒಳಗೆ ಉಳಿದಿತ್ತು. ಮಾತು ಇತ್ತು, ಅದನ್ನು ಆಡಿದವಳು ಇರಲಿಲ್ಲ.

ಬಾಯಿ ಮುಚ್ಚಿದ. ಕೆಳಗೆ ಯಾರೋ ಸ್ಕೂಟರ್ ಒದೆಯುತ್ತಿದ್ದರು, ಅದು ಹೊತ್ತಿಕೊಳ್ಳುತ್ತಿರಲಿಲ್ಲ. ಫೋನಿನಲ್ಲಿ ಸೆಕೆಂಡುಗಳು ಓಡಿದವು, ಇಪ್ಪತ್ತು, ಮೂವತ್ತು.

ಮಗಳು ತಾಯಿಯತ್ತ ನೋಡಿದಳು. 'ಫೋನಲ್ಲಿರೋದನ್ನ ಅಳಿಸ್ಲಾ?'

ಅಕ್ಕ ತಮ್ಮನನ್ನೇ ನೋಡುತ್ತ ಹೂಂ ಎಂಬಂತೆ ತಲೆಯಾಡಿಸಿದಳು.