ನ್ಯಾನ್ಸಿ ಚಾಚಿದ ಸೇಬು

ಈಗ ನಮ್ಮವರ ಅಂಗಡಿಗಳೇ ತುಂಬಿರುವ ಐಸೆಲಿನ್‌ನಲ್ಲಿ ಆಗ ಅಂಥದ್ದು ಒಂದೂ ಇರಲಿಲ್ಲ. ಹಿಂಗು, ಸಾಸಿವೆ ಬೇಕೆಂದರೆ ನ್ಯೂಯಾರ್ಕಿಗೆ ಡ್ರೈವ್ ಮಾಡಬೇಕಿತ್ತು. ಮನೆಯಾಚೆ ಕನ್ನಡ ಕೇಳಬೇಕೆಂದರೆ ತಿಂಗಳುಗಟ್ಟಲೆ ಕಾಯಬೇಕಿತ್ತು. ಎಪ್ಪತ್ತರ ದಶಕದ ಮೊದಲ ವರ್ಷಗಳವು. ಪ್ರಿನ್ಸ್‌ಟನ್‌ನಲ್ಲಿ ಔಷಧಿ ಸಂಶೋಧನೆಯ ಕೆಲಸಕ್ಕೆ ಸೇರಿದ್ದ ಅಪ್ಪ ಊರಾಚೆ ಒಂದು ಹಳೆಯ ಮನೆ ಕೊಂಡರು. ಹಿತ್ತಲಲ್ಲಿ ಹನ್ನೊಂದು ಸೇಬಿನ ಮರಗಳಿದ್ದವು. ಎಷ್ಟೋ ವರ್ಷ ಯಾರೂ ಮುಟ್ಟದೆ, ಕೊಂಬೆಗೆ ಕೊಂಬೆ ಹೆಣೆದುಕೊಂಡು, ನಿಂಬೆಗಾತ್ರದ ಹುಳುಕು ಕಾಯಿ ಬಿಡುತ್ತಿದ್ದವು.

ನನಗೆ ಒಂಬತ್ತು ವರ್ಷ. ಶಾಲೆಯ ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ದಿನವೂ ಖಾಲಿ.

ಅಪ್ಪ ಮರಗಳನ್ನು ಸರಿಮಾಡಲು ಹೊರಟರು. ಪಕ್ಕದ ಮನೆಯ ಮುದುಕರು ಬೇಲಿಯಾಚೆಯಿಂದಲೇ ಎಚ್ಚರಿಸಿದರು: "ಒಂದೇ ಸಲ ಎಲ್ಲ ಕತ್ತರಿಸಿದರೆ ಮರಕ್ಕೆ ಸಿಟ್ಟು ಬರುತ್ತೆ. ಮೂರು ಚಳಿಗಾಲ ತಗೊಳ್ಳಿ."

ಅಪ್ಪ ಪ್ರತಿ ಮರಕ್ಕೂ ನಂಬರಿನ ತಗಡು ಕಟ್ಟಿದರು. ಭಾನುವಾರ ಆರಕ್ಕೆ ಏಳಬೇಕು. ಸ್ನಾನ, ಶ್ಲೋಕ, ಉಪ್ಪಿಟ್ಟು, ಎಂಟಕ್ಕೆ ಸರಿಯಾಗಿ ಏಣಿ. ಮೇಲೆ ಅಪ್ಪನ ಗರಗಸ, ಕೆಳಗೆ ಏಣಿ ಹಿಡಿದ ನಾನು. ಕೈಗವಸಿನೊಳಗೂ ಬೆರಳು ಮರಗಟ್ಟುತ್ತಿತ್ತು. ಮಾತು ಕಡಿಮೆ.

ಎರಡನೆಯ ಚಳಿಗಾಲದಲ್ಲಿ ಮುದುಕರ ಮೊಮ್ಮಗಳು ನ್ಯಾನ್ಸಿ ಅವರ ಮನೆಗೆ ಇರಲು ಬಂದಳು. ನನ್ನದೇ ವಯಸ್ಸು. ಯಾರೂ ಕರೆಯದೆ ಬೇಲಿ ಹಾರಿ ಬಂದು, ಬಿದ್ದ ಕೊಂಬೆಗಳನ್ನು ಎಳೆದು ರಾಶಿ ಹಾಕತೊಡಗಿದಳು.

"ನಿಮ್ಮಪ್ಪ ಮರಕ್ಕೆ ಹೇರ್‌ಕಟ್ ಮಾಡ್ತಿದ್ದಾರಾ?"

"ಹೂಂ. ನಿನಗೂ ಬೇಕಿದ್ರೆ ಲೈನಲ್ಲಿ ನಿಲ್ಲು."

ಆ ದೇಶದಲ್ಲಿ ನಾನು ಆಡಿದ ಮೊದಲ ತಮಾಷೆ ಅದು. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಮರುದಿನ ಬಸ್ಸಿನಲ್ಲಿ ನನ್ನ ಪಕ್ಕ ಬಂದು ಕೂತಳು. ಆಮೇಲೆ ದಿನವೂ ಕೂತಳು. ನನಗಿದ್ದ ಸ್ನೇಹಿತೆ ಅವಳೊಬ್ಬಳೇ.

ಮೂರನೆಯ ಚಳಿಗಾಲ ಕಳೆದು ಬಂದ ಅಕ್ಟೋಬರಿನಲ್ಲಿ ಮರಗಳು ಮುಷ್ಟಿಗಾತ್ರದ ಹಣ್ಣು ಬಿಟ್ಟವು. ಮುದುಕರ ಕೊಟ್ಟಿಗೆಯಲ್ಲಿ ಹಣ್ಣು ಅರೆದು, ಸೈಡರ್ ಎಂಬ ತಾಜಾ ಸೇಬಿನ ರಸ ಹಿಂಡುವ ಮರದ ಗಾಣವಿತ್ತು. ಬಕೆಟ್ಟುಗಳಲ್ಲಿ ಹಣ್ಣು ತುಂಬಿ ಅಲ್ಲಿಗೆ ಹೋದೆವು. ಅಮ್ಮ ಥರ್ಮಸ್ಸಿನಲ್ಲಿ ಕಾಫಿ ತಂದಿದ್ದಳು. ಕೊಟ್ಟಿಗೆಯ ತುಂಬ ಹಣ್ಣಿನ ಘಮ, ಕಣಜಗಳ ಗುಂಯ್‌ಗುಟ್ಟುವಿಕೆ.

"ಬರೀ ಸಿಹಿ ಹಣ್ಣು ಹಿಂಡಿದರೆ ಅದು ಸೈಡರ್ ಅಲ್ಲ, ಸಕ್ಕರೆ ನೀರು," ಎಂದರು ಮುದುಕರು. "ಸಿಹಿ, ಹುಳಿ, ಒಗರು ಮೂರೂ ಬೆರೀಬೇಕು. ಪೈಪ್ ಸೇದಿ ಸೇದಿ ನನ್ನ ನಾಲಿಗೆ ಕೆಟ್ಟಿದೆ. ನೀವಿಬ್ಬರೂ ರುಚಿ ನೋಡಿ ಹೇಳಿ. ಒಂದೇ ಹಣ್ಣನ್ನ ಇಬ್ಬರೂ ತಿಂದು ಒಪ್ಪಬೇಕು."

ನ್ಯಾನ್ಸಿ ಒಂದು ಸೇಬನ್ನು ತೋಳಿಗೆ ಒರೆಸಿ ಕಚ್ಚಿದಳು. ರಸ ಗಲ್ಲಕ್ಕಿಳಿಯಿತು. "ಅಬ್ಬಾ! ನೋಡು, ನೋಡು!" ಎಂದು ಅದೇ ಹಣ್ಣನ್ನು ನನ್ನ ಬಾಯಿಗೆ ಚಾಚಿದಳು.

ನಮ್ಮ ಮನೆಯಲ್ಲಿ ಎಂಜಲಿನ ವಿಷಯ ಕಟ್ಟುನಿಟ್ಟು. ನೀರು ಎತ್ತಿ ಕುಡಿಯಬೇಕು. ಅಮ್ಮ ಕಚ್ಚಿದ್ದನ್ನು ನಾನು ತಿಂದವಳಲ್ಲ, ನಾನು ಕಚ್ಚಿದ್ದನ್ನು ಅಮ್ಮ ಮುಟ್ಟಿದವಳಲ್ಲ. ನನ್ನ ಎರಡೂ ಕೈ ತಾವಾಗಿಯೇ ಬೆನ್ನ ಹಿಂದೆ ಹೋದವು. ನಾಲ್ಕು ಹೆಜ್ಜೆ ದೂರದಲ್ಲಿ ಕಾಫಿ ಬಗ್ಗಿಸುತ್ತಿದ್ದ ಅಮ್ಮ ನಮ್ಮನ್ನೇ ನೋಡುತ್ತಿದ್ದಳು.

"ಚಾಕು ಇದೆಯಾ?" ಎಂದೆ.

"ಯಾಕೆ?"

"ಕಚ್ಚಿದ್ದು ನನಗೆ ಬೇಡ."

ನ್ಯಾನ್ಸಿ ಹಣ್ಣನ್ನು ನೋಡಿದಳು. ಆಮೇಲೆ ನನ್ನನ್ನು. "ನನಗೇನು ರೋಗ ಇದೆಯಾ?"

ನಮ್ಮಮ್ಮ ಕಚ್ಚಿದ್ದನ್ನೂ ನಾನು ತಿನ್ನುವುದಿಲ್ಲ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ನಾನು ಅಮ್ಮನ ಕಡೆ ನೋಡಿದೆ.

"ಏನು ಹುಡುಗೀರಾ, ಅಲ್ಲೇನು ಕೋರ್ಟ್ ನಡೀತಿದೆಯಾ?" ಎಂದು ಗಾಣದ ಬಳಿಯಿಂದ ಮುದುಕರು ಕೂಗಿದರು. ನ್ಯಾನ್ಸಿ ಹಣ್ಣನ್ನು ಅರೆಯುವ ಯಂತ್ರಕ್ಕೆ ಎಸೆದು, ಅದರ ಹಿಡಿ ತಿರುಗಿಸಲು ಹೋದಳು.

ಉಳಿದ ಹಣ್ಣುಗಳನ್ನು ಚಾಕುವಿನಿಂದ ಹೋಳುಮಾಡಿ ನಾನೊಬ್ಬಳೇ ರುಚಿ ನೋಡಿದೆ. ಯಾವುದು ಎಷ್ಟು ಬಕೆಟ್ ಎಂದು ನಾನೇ ಹೇಳಿದೆ. ಸೈಡರ್ ಚೆನ್ನಾಗಿ ಬಂತು, ಎಲ್ಲರೂ ಮೆಚ್ಚಿದರು. ಮನೆಗೆ ಮರಳುವಾಗ ಅಮ್ಮ ನನ್ನ ತಲೆ ನೇವರಿಸಿ, "ನೋಡ್ತಿದ್ದೆ. ಜಾಣೆ ಕಣೇ ನೀನು," ಎಂದಳು. ಅಮ್ಮ ಹೊಗಳುವುದೇ ಅಪರೂಪ. ಅಂದು ಹೊಗಳದಿದ್ದರೆ ಚೆನ್ನಾಗಿತ್ತು.

ಸೋಮವಾರ ಬೆಳಗ್ಗೆ ಕನ್ನಡಿ ಮುಂದೆ ನಿಂತು, ಹೇಳಬೇಕಾದ ಮಾತನ್ನು ಇಂಗ್ಲಿಷಿನಲ್ಲಿ ಹತ್ತು ಸಲ ಒಪ್ಪಿಸಿಕೊಂಡೆ. ಬಸ್ಸು ಬಂತು. ನ್ಯಾನ್ಸಿ ಎರಡು ಸಾಲು ಮುಂದೆ ಇನ್ನೊಬ್ಬಳ ಪಕ್ಕ ಕೂತಿದ್ದಳು. "ಹಾಯ್" ಎಂದಳು, ನಕ್ಕಳು ಕೂಡ. ಜಗಳವಾಗಿದ್ದರೆ ರಾಜಿಯಾಗಬಹುದಿತ್ತು. ಜಗಳವೇ ಆಗಿರಲಿಲ್ಲ. ಬಾಯಿಪಾಠ ಮಾಡಿದ್ದ ಮಾತನ್ನು ಹಾಗೇ ಮನೆಗೆ ವಾಪಸ್ ತಂದೆ. ಮುಂದಿನ ಬೇಸಿಗೆಯಲ್ಲಿ ಅವಳು ತನ್ನ ತಾಯಿಯ ಊರಿಗೆ ಹೋದಳು. ಆ ವರ್ಷದ ಅಕ್ಟೋಬರಿನಲ್ಲಿ ಅಪ್ಪ, ನಾನು ಇಬ್ಬರೇ ಗಾಣ ತಿರುಗಿಸಿದೆವು.

ಆ ಹನ್ನೊಂದು ಮರಗಳ ಜಾಗದಲ್ಲಿ ಈಗ ನಾಲ್ಕು ಮನೆಗಳಿವೆ. ಅದರ ಬಗ್ಗೆ ನನಗೆ ಹೆಚ್ಚು ದುಃಖವಿಲ್ಲ. ಮರ ಮತ್ತೆ ನೆಡಬಹುದು. ಇಂದು ನಮ್ಮ ಬೀದಿಯಲ್ಲೇ ಏಳು ಕನ್ನಡದ ಮನೆಗಳು. ವಾರಕ್ಕೊಂದು ಊಟ, ಪ್ರತಿ ಪಾತ್ರೆಗೂ ಬೇರೆ ಸೌಟು. ಎಲ್ಲರೂ ನನ್ನಂತೆಯೇ ಬೆಳೆದವರು, ಯಾರಿಗೂ ಏನನ್ನೂ ವಿವರಿಸಬೇಕಾಗಿಲ್ಲ. ತಾವು ಕಚ್ಚಿದ್ದನ್ನು ಹಿಂದೆಮುಂದೆ ನೋಡದೆ ನನ್ನ ಬಾಯಿಗೆ ಚಾಚುವವರು ಮಾತ್ರ ಆಮೇಲೆ ಯಾರೂ ಸಿಗಲಿಲ್ಲ.