ಗೌರಿ ಹಬ್ಬದ ಹಿಂದಿನ ದಿನ ಜೈಲಿಗೆ ಹೋದ ತಾತ

ಆಗೆಲ್ಲ ನಮ್ಮೂರಲ್ಲಿ ಯಾರಿಗೂ ತಾರೀಕಿನ ಹಂಗಿರಲಿಲ್ಲ. ಗೌರಿ ಹಬ್ಬಕ್ಕೆ ಮುಂಚೆ, ಮಾರ್ನಮಿ ಕಳೆದ ಮೇಲೆ, ನಾಲೆಗೆ ನೀರು ಬಿಟ್ಟ ವಾರ, ಕೆಂದಹಸು ಈದ ವರ್ಷ ಅಂತ ಹೇಳಿದರೆ ಹುಟ್ಟು, ಮದುವೆ, ಸಾವು ಎಲ್ಲ ತಿಳಿದುಹೋಗುತ್ತಿತ್ತು. ಈಗ ನನ್ನ ಹೊಟ್ಟೆಪಾಡೇ ತಾರೀಕಿನದು. ಶ್ರೀರಂಗಪಟ್ಟಣದಲ್ಲಿ ಕಚೇರಿ ಎದುರು ಒಂದು ಗೂಡಂಗಡಿಯಲ್ಲಿ ಕೂತು ಬಂದವರಿಗೆಲ್ಲ ಅರ್ಜಿ ಬರೆದುಕೊಡುತ್ತೇನೆ. ಕಣ್ಣು ಉರಿಯುತ್ತದೆ, ಬೆರಳು ಮರಗಟ್ಟುತ್ತದೆ, ನಿಜ ಹೇಳಬೇಕೆಂದರೆ ಸಾಕಾಗಿದೆ. ಆದರೂ ಒಂದು ಪದ್ಧತಿ ಬಿಟ್ಟಿಲ್ಲ. ಹೆಬ್ಬೆಟ್ಟು ಒತ್ತುವವರು ಬಂದರೆ ಬರೆದದ್ದನ್ನು ಬರೆದ ಹಾಗೇ ಎರಡು ಸಲ ಓದಿ ಕೇಳಿಸುತ್ತೇನೆ. "ಸಾಕು ಬುಡಕ್ಕ, ಬಸ್ಸು ಒಂಟೋಯ್ತದೆ" ಅಂತ ಅವರು ತಡಬಡಿಸಿದರೂ ಬಿಡುವುದಿಲ್ಲ. ಈ ಹಟ ಎಲ್ಲಿಂದ ಬಂತು ಅಂತ ಇಲ್ಲಿಯವರೆಗೆ ಯಾರೂ ಕೇಳಿಲ್ಲ.

ನಮ್ಮೂರು ಪಾಂಡವಪುರ ತಾಲ್ಲೂಕಿನದು. ತೊಣ್ಣೂರು ಕೆರೆಯ ಕಡೆಯಿಂದ ಬೀಸುವ ಗಾಳಿ ಆಷಾಢದಲ್ಲಿ ಹೆಂಚು ಹಾರಿಸುವಷ್ಟು ಜೋರು. ನಾನು ಏಳನೇ ಕ್ಲಾಸಿನಲ್ಲಿದ್ದ ಆ ಆಷಾಢದಲ್ಲಿ ನಾಲೆ ತುಂಬಿ ಹರಿಯುತ್ತಿತ್ತು, ಭತ್ತದ ಸಸಿ ಬೆಳೆಸುವ ಒಟ್ಲುಪಾತಿಯ ಕೆಸರಿನ ವಾಸನೆ ಬೀದಿಗೆಲ್ಲ ಬರುತ್ತಿತ್ತು. ಮನೆಯಲ್ಲಿ ದಿನಾ ಹುರುಳಿಕಾಳಿನ ಬಸ್ಸಾರು. ಕಬ್ಬಿಲ್ಲದೆ ಖಾಲಿ ಬಿದ್ದಿದ್ದ ಆಲೆಮನೆ ನಮಗೆ ಆಟದ ಜಾಗ. ಬೇರೆ ಊರಿನ ಮಕ್ಕಳು ಕುಂಟೆಬಿಲ್ಲೆ ಆಡಿದರೆ ನಾವು ಜೈಲಾಟ ಆಡುತ್ತಿದ್ದೆವು. ಮೂವರು ಪೊಲೀಸು, ಉಳಿದವರು ಕೈದಿಗಳು, ಬೆಲ್ಲದ ಕೊಪ್ಪರಿಗೆ ಇಡುವ ಒಲೆಯ ಗುಂಡಿಯೇ ಜೈಲು. ಈ ಆಟ ಕಲಿಸಿದವನು ನನ್ನ ತಾತ ಬೋರೇಗೌಡ. ಅವನು ನಿಜವಾಗಿ ಜೈಲಿಗೆ ಹೋಗಿಬಂದವನು.

ಆ ಕತೆಯನ್ನು ತಾತ ಸಾವಿರ ಸಲ ಹೇಳಿದ್ದ. ಗೌರಿ ಹಬ್ಬಕ್ಕೆ ಅಜ್ಜಿಗೆ ಹಸಿರು ಬಳೆ ತರಲು ಶ್ರೀರಂಗಪಟ್ಟಣಕ್ಕೆ ಹೋಗಿದ್ದನಂತೆ. ಅಲ್ಲಿ ಬಾವುಟ ಹಿಡಿದು ಮೈಸೂರಿಗೆ ನಡೆದು ಹೊರಟಿದ್ದ ಗುಂಪು ಎದುರಾಯಿತು. ಗುಂಪಿನಲ್ಲಿ ತೊಣ್ಣೂರಿನ ಮರಿಸಿದ್ದಯ್ಯ ಇದ್ದ, ತಾತನ ಗೆಣೆಕಾರ. "ಬತ್ತೀಯೇನ್ಲಾ ಬೋರ?" ಅಂದ. "ಬತ್ತೀನಿ ನಡೀಲಾ" ಅಂದ ತಾತ. ಅಷ್ಟೇ. ಹೊಳೆ ಸೇತುವೆ ದಾಟುವ ಮೊದಲೇ ಪೊಲೀಸರು ಎಲ್ಲರನ್ನೂ ಲಾರಿಗೆ ತುಂಬಿಕೊಂಡು ಹೋದರು. ನೂಕಾಟದಲ್ಲಿ ಅಂಗಿಯೊಳಗಿದ್ದ ಬಳೆ ಒಡೆದು ಎದೆಗೆ ಚುಚ್ಚಿಕೊಂಡವು, ಎರಡು ಮಾತ್ರ ಉಳಿದವು. ಒಂದು ತಿಂಗಳು ಉಪ್ಪಿಲ್ಲದ ಸಾರು, ಕಲ್ಲು ಬೆರೆತ ಅನ್ನ. ಬಿಡುಗಡೆಯಾಗಿ ಊರಿಗೆ ಬಂದದ್ದು ಪಿತೃಪಕ್ಷದ ಅಮಾವಾಸ್ಯೆಯ ದಿನ, ಮನೆಯವರು ಸತ್ತ ಹಿರಿಯರಿಗೆ ಎಡೆ ಇಟ್ಟು, ಅವರು ಬಂದು ಉಣ್ಣಲೆಂದು ಬಾಗಿಲು ಮುಂದೆ ಮಾಡಿ ಹೊರಗೆ ನಿಂತಿದ್ದ ಹೊತ್ತಿಗೆ. ಅವನು ಹಿತ್ತಿಲ ಕಡೆಯಿಂದ ಒಳಗೆ ಬಂದಿದ್ದ.

"ಬಾಗ್ಲು ತಗುದ್ರೆ ಗಡ್ಡ ಬಿಟ್ಕೊಂಡ್ ನಿಂತವ್ನೆ! ನಮ್ಮತ್ತೆ ಕಿಟಾರ್ ಅಂತ ಕಿರಿಚ್ಕೊಂಡ್ರು. ಸತ್ತೋರಿಗೆ ಇಟ್ಟಿದ್ದ ಎಡೇನ ಬದುಕ್ದೋನು ಉಂಡ ಕಣವ್ವ," ಅಂತ ಅಜ್ಜಿ ಪ್ರತಿ ಸಲ ಕೊನೆಗೆ ಸೇರಿಸುತ್ತಿದ್ದಳು. ಆ ಎರಡು ಹಸಿರು ಬಳೆ ಅವಳ ಟ್ರಂಕಿನಲ್ಲಿ ಅರಿಶಿನದ ಬಟ್ಟೆಯಲ್ಲಿ ಸುತ್ತಿದ್ದವು. ನಾವು ನಗುತ್ತಿದ್ದೆವು, ತಾತ ನಮಗಿಂತ ಜೋರಾಗಿ ನಗುತ್ತಿದ್ದ.

ಆ ವರ್ಷ ಹೋಬಳಿಯ ಹಿರಿಯರೆಲ್ಲ ಸೇರಿ ಒಂದು ಸಮಿತಿ ಮಾಡಿದರು. ಜೈಲಿಗೆ ಹೋಗಿದ್ದವರ ಹೆಸರು ಕೆತ್ತಿಸಿ ಹೈಸ್ಕೂಲಿನ ಅಂಗಳದಲ್ಲಿ ಒಂದು ಕಲ್ಲು ನಿಲ್ಲಿಸುವುದು, ಆಗಸ್ಟ್ ಹದಿನೈದಕ್ಕೆ ಅದರ ಪೂಜೆ. ಸಮಿತಿಯ ಮುಖಂಡರು ನಿವೃತ್ತ ಹೆಡ್‌ಮೇಷ್ಟ್ರು. ಜೈಲಿಗೆ ಹೋದ ವರ್ಷ, ತಿಂಗಳು, ಕಾರಣ ಬರೆದು ರುಜು ಹಾಕಿ ಕೊಡಬೇಕು, ತಮ್ಮ ಹತ್ತಿರ ಇರುವ ಜೈಲಿನ ಪಟ್ಟಿಗೆ ತಾಳೆ ನೋಡುತ್ತೇವೆ ಅಂತ ಹೇಳಿಕಳಿಸಿದರು. ತಾತನಿಗೆ ಕುಣಿಯುವಷ್ಟು ಸಂತೋಷ. ಬದುಕಿನಲ್ಲಿ ಏನನ್ನೂ ಬೇಡದವನು ಇದೊಂದನ್ನು ಬೇಡಿದ. "ಸತ್ ಮೇಲೆ ನಾಕ್ ದಿನ ಎಡೆ ಇಕ್ತಾರೆ, ಆಮೇಲೆ ಮರೀತಾರೆ. ಕಲ್ಲು ಮರಿಯಾಕಿಲ್ಲ ಕಣವ್ವ," ಅಂದ. ಬರೆಯುವ ಕೆಲಸ ನನಗೆ ಬಿತ್ತು. ಮನೆಯಲ್ಲಿ ದುಂಡಗೆ ಬರೆಯುವವಳು ನಾನೊಬ್ಬಳೇ.

ಆದರೆ ಅದಕ್ಕೆ ಒಂದು ವಾರ ಮುಂಚೆ ಶಾಲೆಯಲ್ಲಿ ಒಂದು ಪ್ರಸಂಗ ನಡೆದಿತ್ತು. 'ನನಗೆ ತಿಳಿದ ಸ್ವಾತಂತ್ರ್ಯ ಹೋರಾಟಗಾರರು' ಅಂತ ಪ್ರಬಂಧ. ನಾನು ತಾತನ ಕತೆಯನ್ನು ಅವನು ಹೇಳಿದ ಹಾಗೇ ಬರೆದಿದ್ದೆ, ಸ್ವಾತಂತ್ರ್ಯ ಬಂದು ಒಂದು ತಿಂಗಳಾದ ಮೇಲೆ ಜೈಲಿಗೆ ಹೋದರು ಅಂತ. ಸಮಾಜ ಪಾಠದ ಮೇಷ್ಟ್ರು ಅದನ್ನು ಗಟ್ಟಿಯಾಗಿ ಓದಿ ಪುಸ್ತಕ ಮಡಿಚಿದರು.

"ಬ್ರಿಟಿಷರು ಗಂಟುಮೂಟೆ ಕಟ್ಟಿದ ಮೇಲೆ ನಿಮ್ಮ ತಾತ ಯಾರ ಮೇಲಮ್ಮ ಹೋರಾಡಿದ್ದು? ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ!"

ಇಡೀ ಕ್ಲಾಸು ಗೊಳ್ಳೆಂದು ನಕ್ಕಿತು. ಮೇಷ್ಟ್ರು ಕೆಟ್ಟವರಲ್ಲ. ಬೇರೆ ಸೀಮೆಯಿಂದ ಬಂದವರು, ನಮ್ಮ ಕಡೆಯ ಸಂಗತಿ ಅವರಿಗೆ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ. ಮನೆಗೆ ಬಂದು ಸಿಟ್ಟಿನಲ್ಲಿ ತಾತನನ್ನೇ ಕೇಳಿದೆ. ಅವನು ಜಗಲಿಯ ಮೇಲೆ ಎಲೆಗೆ ಸುಣ್ಣ ಸವರುತ್ತ ಕೂತಿದ್ದ.

"ಬಂದಿದ್ದು ದಿಲ್ಲೀಗೆ ಕಣವ್ವ. ನಮ್ಗೆಲ್ ಬಂತು? ನಮ್ ಮೈಸೂರು ಸೀಮೇಲಿ ಇನ್ನೂವೆ ಮಾರಾಜ್ರು, ಅವ್ರ ದಿವಾನ್ರು. ನಮ್ಗೂ ಬುಟ್‌ಕೊಡಿ, ನಾವೇ ಆರ್ಸಿ ಕಳ್ಸೋರು ಆಳ್ಲಿ ಅಂತ ಗಲಾಟೆ ಮಾಡುದ್ವಿ. ಅದ್ಕೇ ಇಡ್ಕಂಡೋದ್ರು."

"ಪುಸ್ತಕದಲ್ಲಿ ಅಂಗಿಲ್ಲ."

"ಪುಸ್ತಕ ಬರ್ದೋನು ನನ್ ಜೊತೆ ಲಾರೀಲಿ ಇರ್ನಿಲ್ಲ ಕೂಸೆ," ಅಂದು ಎಲೆ ಬಾಯಿಗಿಟ್ಟುಕೊಂಡ.

ನಾನು ನಂಬಲಿಲ್ಲ. ಅಚ್ಚಾದದ್ದು ಎಲ್ಲಾದರೂ ತಪ್ಪಾಗುತ್ತದೆಯೇ? ತಾತನಿಗೆ ವಯಸ್ಸಾಗಿದೆ, ತಿಂಗಳು ಕಲಸಿಕೊಂಡಿದ್ದಾನೆ ಅಂತಲೇ ತೀರ್ಮಾನ ಮಾಡಿದೆ. ಅವನು ಹೇಳಿದ್ದನ್ನೇ ಬರೆದುಕೊಟ್ಟರೆ ಸಮಿತಿಯವರೂ ಮೇಷ್ಟ್ರ ಹಾಗೆ ನಗುತ್ತಾರೆ, ಕಲ್ಲಿನಲ್ಲಿ ಹೆಸರು ಬರುವುದಿಲ್ಲ. ಹೆಸರು ಬರಬೇಕಾದರೆ ನಾನೇ ಸರಿಮಾಡಬೇಕು. ದೇವರಾಣೆ, ಅವತ್ತು ನನ್ನ ಮನಸ್ಸಿನಲ್ಲಿ ಇದ್ದದ್ದು ಇಷ್ಟೇ.

ಸಮಿತಿಯ ಕಾಗದ ಬರೆಯಲು ಕೂತ ದಿನ ಅವನು ಗೋಡೆಗೊರಗಿ ಹೇಳುತ್ತ ಹೋದ, ನಾನು ಬರೆಯುತ್ತ ಹೋದೆ. ಅವನು "ಗೌರಿ ಅಬ್ಬದ ಇಂದಿನ್ ದಿನ" ಅಂದಾಗ ನಾನು ಪಾಠ ನೆನೆಸಿಕೊಂಡು '೧೯೪೨ನೇ ಇಸವಿ ಆಗಸ್ಟ್ ತಿಂಗಳಲ್ಲಿ' ಅಂತ ಬರೆದೆ. ಅವನು "ಮಾರಾಜ್ರ ಪೊಲೀಸು" ಅಂದ, ನಾನು 'ಬ್ರಿಟಿಷ್ ಸರ್ಕಾರದ ಪೊಲೀಸರು' ಅಂತ ಬರೆದೆ. ಬಳೆಯ ಸಂಗತಿ ಹೋರಾಟಗಾರನಿಗೆ ಒಪ್ಪುವುದಿಲ್ಲವೆಂದು ಬಿಟ್ಟೇಬಿಟ್ಟೆ.

"ಓದವ್ವ, ಕೇಳಾವ," ಅಂದ.

ಕಾಗದವನ್ನು ಮುಖಕ್ಕೆ ಹಿಡಿದುಕೊಂಡು ಅವನು ಹೇಳಿದ್ದನ್ನೇ ಓದಿದೆ. ಗೌರಿ ಹಬ್ಬ, ಮಹಾರಾಜರು, ಬಳೆ, ಎಡೆ, ಎಲ್ಲವನ್ನೂ. ಅಲ್ಲಿ ಬರೆದದ್ದು ಒಂದೂ ಇರಲಿಲ್ಲ. ತಾತ ಕಣ್ಣು ಮುಚ್ಚಿ ತಲೆದೂಗುತ್ತ ಕೇಳಿದ. "ಶಾನೆ ಚೆಂದಾಗಿ ಬರ್ದಿದ್ದೀಯ ಬುಡು," ಅಂದು ಮಸಿಗೆ ಬೆರಳು ಅದ್ದಿ ಒತ್ತಿದ. ಮಸಿ ಒರೆಸಿಕೊಳ್ಳಲೂ ಇಲ್ಲ, ಸಂಜೆಯವರೆಗೂ ಆ ಹೆಬ್ಬೆಟ್ಟನ್ನು ಊರಿಗೆಲ್ಲ ತೋರಿಸಿಕೊಂಡು ಬಂದ.

ಆಗಸ್ಟ್ ಹದಿನೈದರಂದು ಸೋನೆ ಹಿಡಿದಿತ್ತು. ತಾತ ಒಗೆದ ಪಂಚೆ, ಹೊಸ ಜುಬ್ಬ ಹಾಕಿಕೊಂಡು ಮುಂದಿನ ಬೆಂಚಿನಲ್ಲಿ ಕೂತಿದ್ದ. ನಾನು ನಾಡಗೀತೆ ಹಾಡುವ ಹುಡುಗಿಯರ ಸಾಲಿನಲ್ಲಿ, ವೇದಿಕೆ ಪಕ್ಕದಲ್ಲೇ ಇದ್ದೆ. ಕಲ್ಲಿನ ಮೇಲಿನ ಬಟ್ಟೆ ಸರಿಸಿ ಹೆಡ್‌ಮೇಷ್ಟ್ರು ಒಂದೊಂದೇ ಹೆಸರು ಓದಿದರು. ಹೆಸರು ಕೇಳಿದವರು ಎದ್ದು ಹೋಗಿ ಶಾಲು ಹೊದಿಸಿಕೊಂಡು ಬಂದರು. ಮರಿಸಿದ್ದಯ್ಯನ ಹೆಸರು ಬಂತು. ಓದುವುದು ಮುಗಿಯಿತು. ತಾತ ಬೆಂಚಿನ ತುದಿಗೆ ಸರಿದು, ಇನ್ನೂ ಏಳಲು ತಯಾರಾಗಿಯೇ ಕೂತಿದ್ದ.

ಮರಿಸಿದ್ದಯ್ಯ ಹೊದ್ದ ಶಾಲಿನಲ್ಲೇ ತಿರುಗಿ ನಿಂತ. "ಸೋಮಿ, ನಮ್ ಬೋರನ್ ಯೆಸ್ರೆಲ್ಲಿ? ನಾನೂ ಅವ್ನೂ ಒಂದೇ ಲಾರಿ, ಒಂದೇ ಕೋಣೆ. ಇದ್ಯಾವ್ ನ್ಯಾಯ?"

ಜನ ಗುಜುಗುಜು ಅಂದರು. ಹೆಡ್‌ಮೇಷ್ಟ್ರು ಮುಖ ಕೆಂಪಾಗಿ ಚೀಲದಿಂದ ಕಾಗದ ತೆಗೆದರು. "ನಾನು ಅನ್ಯಾಯ ಮಾಡೋನಲ್ಲಪ್ಪ. ಈತನೇ ಕೊಟ್ಟದ್ದು ಕೇಳಿ," ಅಂದು ಓದಿದರು. ಸಾವಿರದ ಒಂಬೈನೂರ ನಲವತ್ತೆರಡು. ಬ್ರಿಟಿಷ್ ಸರ್ಕಾರದ ಪೊಲೀಸರು. "ಆ ವರ್ಷದ ಪಟ್ಟೀಲಿ ಈ ಹೆಸರಿಲ್ಲ. ಏನ್ ಬೋರೇಗೌಡ್ರೇ, ಇದು ನೀವೇ ಬರೆಸಿದ್ದೋ, ಇಲ್ಲ ಬೇರೆ ಯಾರಾದರೂ ತಿದ್ದಿದರೋ?"

ತಾತ ಮೊದಲು ಕಾಗದ ನೋಡಿದ. ಆಮೇಲೆ ನಿಧಾನವಾಗಿ ನನ್ನ ಕಡೆ ತಿರುಗಿದ. ನಾನು ಪಕ್ಕದ ಹುಡುಗಿಯ ಹಿಂದಕ್ಕೆ ಸರಿದು ನಿಂತೆ. ಅವನು ಮುಖ ತಿರುಗಿಸಿಕೊಂಡ.

"ನಂದೇ ಎಬ್ಬೆಟ್ಟು ಸೋಮಿ. ನಾನೇ ಬರ್ಸುದ್ದು."

"ಏನ್ಲಾ ಬೋರ, ತಲೆಗಿಲೆ ಕೆಟ್ಟದಾ?" ಅಂತ ಕೂಗಿದ ಮರಿಸಿದ್ದಯ್ಯ.

"ದೊಡ್ದಾಗಿ ಕಾಣ್ಲಿ ಅಂತ ಬರ್ಸ್‌ಬುಟ್ಟೆ ಕಣ್ಲಾ. ಸಂತೇಲಿ ಯಾರೋ ಪುಣ್ಯಾತ್ಮ ಬರ್ಕೊಟ್ಟ."

ಹಿಂದಿನಿಂದ ಯಾರೋ ನಕ್ಕರು. "ಸುಳ್ಳು ಬರೆಸಿದವರ ಹೆಸರು ಕೆತ್ತಿದರೆ ಮಿಕ್ಕವರ ಹೆಸರಿಗೂ ಮಸಿ," ಅಂದರು ಹೆಡ್‌ಮೇಷ್ಟ್ರು. ಅವರ ಮಾತಿನಲ್ಲಿ ತಪ್ಪೇನಿತ್ತು? ಹಾಡು ಶುರುವಾಯಿತು. ನಾನು ಬಾಯಿ ಮಾತ್ರ ಆಡಿಸಿದೆ.

ಮನೆಗೆ ನಾಲೆಯ ಏರಿ ಮೇಲೆ ನಡೆದು ಬಂದೆವು. ತಾತ ದಾರಿಯಲ್ಲಿ ನನಗೆ ಕಡ್ಲೆಪುರಿ ಕೊಡಿಸಿದ. ಅದು ನೆನೆದು ಮೆತ್ತಗಾಗಿತ್ತು. ಅರ್ಧ ದಾರಿಯಲ್ಲಿ ನಾನು ಬಿಕ್ಕಿ ಬಿಕ್ಕಿ ಅಳತೊಡಗಿದೆ.

"ಬುಡವ್ವ, ಅಳಬ್ಯಾಡ," ಅಂದ. "ನಂಗೆ ಇನ್ನೆಷ್ಟ್ ದಿನ? ಸುಳ್ಳ ಅಂದ್ರೆ ಅಂದ್ಕಳ್ಳಿ. ನೀನು ಓದೋಳು. ನಿಂಗೆ ಆ ಯೆಸ್ರು ಬರ್ಬಾರ್ದು." ಆಮೇಲೆ ನನ್ನ ಕಡೆ ನೋಡದೆ ಕೇಳಿದ: "ನೀನೂ ನಂಬ್ನಿಲ್ವಾ ಕೂಸೆ?"

ನಾನು ನೆನೆದ ಕಡ್ಲೆಪುರಿಯನ್ನು ಒಂದೊಂದೇ ನಾಲೆಗೆ ಹಾಕುತ್ತ ನಡೆದೆ.

ಅವತ್ತಿನಿಂದ ತಾತ ಆ ಕತೆ ಹೇಳಲಿಲ್ಲ. ಮಕ್ಕಳು ಕೇಳಿದರೆ "ಯಾವ್ ಜೈಲು? ಓಗ್ರೋ, ಆಡ್ಕಳೋಗಿ" ಅನ್ನುತ್ತಿದ್ದ. ಆ ವರ್ಷ ಪಿತೃಪಕ್ಷದಲ್ಲಿ ಎಡೆ ಇಟ್ಟಾಗ ಅಜ್ಜಿ ತನ್ನ ಹಳೇ ತಮಾಷೆ ತೆಗೆಯಲು ಹೋಗಿ ಅವನ ಮುಖ ನೋಡಿ ನಿಲ್ಲಿಸಿದಳು. ನಮ್ಮ ಜೈಲಾಟವೂ ನಿಂತುಹೋಯಿತು. ಶಾಲೆಯಲ್ಲಿ ಹುಡುಗರು ಅದಕ್ಕೆ 'ಸುಳ್ಳು ಜೈಲು' ಅಂತ ಹೆಸರಿಟ್ಟಿದ್ದರು. ನಾನು ಎಸ್ಸೆಸ್ಸೆಲ್ಸಿ ಓದುವಾಗ ತಾತ ತೀರಿಕೊಂಡ. ಅಷ್ಟರವರೆಗೆ ಮೂರು ವರ್ಷ ಅವನ ಜೊತೆ ಒಂದೇ ಮನೆಯಲ್ಲಿದ್ದೆ, ಒಂದೇ ತಟ್ಟೆಯ ಮುದ್ದೆ ಹಂಚಿಕೊಂಡು ತಿಂದೆ. 'ನಂಬುತ್ತೇನೆ ತಾತ' ಅಂತ ಒಂದು ಮಾತು ಹೇಳಲು ಆಗಲಿಲ್ಲ. ನಾಚಿಕೆ ಅಂದುಕೊಂಡಿದ್ದೆ. ಅಲ್ಲ, ಹೇಡಿತನ.

ಕಾಲೇಜಿಗೆ ಹೋದಾಗ ಅವನು ಹೇಳಿದ್ದು ಅಕ್ಷರ ಅಕ್ಷರ ನಿಜವೆಂದು ಪುಸ್ತಕದಲ್ಲೇ ಓದಿದೆ. ದಿಲ್ಲಿಗೆ ಬಂದ ಸ್ವಾತಂತ್ರ್ಯ ಮೈಸೂರಿಗೆ ಬರಲು ಜನ ಮತ್ತೆ ಬೀದಿಗಿಳಿಯಬೇಕಾಯಿತು ಅನ್ನುವುದು ಅಚ್ಚಾಗಿಯೇ ಇತ್ತು, ಬೇರೆ ಪುಸ್ತಕದಲ್ಲಿ. ಆಮೇಲೆ ಹೆಸರು ಸೇರಿಸಿ ಅಂತ ಎಷ್ಟು ಕಡೆ ಅಲೆದಿದ್ದೇನೋ ನನಗೇ ನೆನಪಿಲ್ಲ. ಸಮಿತಿ ಇಲ್ಲ, ಹೆಡ್‌ಮೇಷ್ಟ್ರಿಲ್ಲ, ಅವರ ಪಟ್ಟಿ ಯಾರ ಮನೆಯ ಅಟ್ಟದಲ್ಲಿದೆಯೋ. ಸಾಕ್ಷಿ ಹೇಳಬಹುದಾಗಿದ್ದ ಮರಿಸಿದ್ದಯ್ಯನೂ ಹೋದ. ಎಲ್ಲರೂ ಕೇಳುವುದು ಒಂದೇ: "ಅವರ ರುಜು ಇರೋ ಕಾಗದ ಏನಾದ್ರೂ ಇದೆಯಾ ಮೇಡಂ?" ಇದೆ. ಒಂದೇ ಒಂದು ಇದೆ, ಹೆಡ್‌ಮೇಷ್ಟ್ರ ಮಗ ಹಳೇ ಚೀಲದಿಂದ ತೆಗೆದುಕೊಟ್ಟದ್ದು. ಅದು ನಾನು ಬರೆದದ್ದು.

ಆ ಕಲ್ಲನ್ನೂ ಈಗ ಯಾರೂ ಓದುವುದಿಲ್ಲ. ಅಕ್ಷರಗಳಿಗೆ ಸುಣ್ಣ ತುಂಬಿದೆ, ಹುಡುಗರು ಸೈಕಲ್ ಒರಗಿಸುತ್ತಾರೆ. ಅದು ನನಗೆ ಅಷ್ಟು ಸಂಕಟವಲ್ಲ. ಜೋರಾಗಿ ನಗುತ್ತ ಒಬ್ಬ ಮುದುಕ ತನ್ನ ಬಾಯಿಂದ ಹೇಳುತ್ತಿದ್ದ ಕತೆಯನ್ನು ಅವನು ಬದುಕಿರುವಾಗಲೇ ನಾನು ಮುಚ್ಚಿಸಿದೆ. ಅವನ ಹಾಗೆ ಹೇಳಲು ನನಗೆ ಬರುವುದಿಲ್ಲ. ನನ್ನ ಮಗಳಿಗೆ ಹೇಳಿ ನೋಡಿದ್ದೇನೆ, ವರದಿ ಒಪ್ಪಿಸಿದ ಹಾಗಾಗುತ್ತದೆ.

ಪಿತೃಪಕ್ಷಕ್ಕೆ ಊರಿಗೆ ಹೋಗುತ್ತೇನೆ. ತಾತನ ಫೋಟೋ ಮುಂದೆ ಮುದ್ದೆ, ಬಾಡಿನ ಸಾರು, ಎಲೆ, ಸುಣ್ಣ, ಅಜ್ಜಿಯ ಟ್ರಂಕಿನಿಂದ ಬಂದ ಎರಡು ಹಸಿರು ಬಳೆ ಇಡುತ್ತೇವೆ. ಬಾಗಿಲು ಮುಂದೆ ಮಾಡಿ ಎಲ್ಲರೂ ಹೊರಗೆ ಹೋದ ಮೇಲೆ ನಾನೊಬ್ಬಳೇ ಒಳಗೆ ಉಳಿದು ಒಂದು ಕಾಗದ ತೆಗೆಯುತ್ತೇನೆ. ಅವನು ಹೇಳಿದ ಹಾಗೇ ಹೊಸದಾಗಿ ಬರೆದದ್ದು, ಗೌರಿ ಹಬ್ಬದ ಹಿಂದಿನ ದಿನದಿಂದ ಎಡೆಯ ದಿನದವರೆಗೆ. ಬರೆದದ್ದನ್ನು ಬರೆದ ಹಾಗೇ ಎರಡು ಸಲ ಓದುತ್ತೇನೆ. ಓದಿ ಮುಗಿಸಿ, ಹೆಬ್ಬೆಟ್ಟಿಗೆಂದು ಕೆಳಗೆ ಬಿಟ್ಟ ಜಾಗವನ್ನು ಸ್ವಲ್ಪ ಹೊತ್ತು ನೋಡಿ, ಮಡಿಚಿ ಎತ್ತಿಡುತ್ತೇನೆ.